ನೀಲಿ ಮೇಜಿನ ಲೋಟ

ಕೋಲ್ನಪ್ ಎಂಬ ನಮ್ಮ ಸಣ್ಣ ಊರಿನ ಹೂವಿನ ಪ್ರದರ್ಶನದಲ್ಲಿ ಗುಲಾಬಿಗೊಂದು ಮೇಜು, ಐರಿಸ್‌ಗೊಂದು ಮೇಜು, ಕಿಟಕಿಯ ಪಕ್ಕ ನೀಲಿ ಹೂವಿಗೊಂದು ಮೇಜು. ಜನ ಜಗಳವಾಡುತ್ತಿದ್ದದ್ದು ಮೂರನೆಯದರ ಬಳಿ ಮಾತ್ರ. ತೋಟದವರು ನೀಲಿ ಎನ್ನುವುದರಲ್ಲಿ ಮುಕ್ಕಾಲು ಪಾಲು ನೇರಳೆ. ಬೀಜದ ಪೊಟ್ಟಣದ ಮೇಲೆ ಆಕಾಶದಂತೆ ಅಚ್ಚಾಗಿದ್ದದ್ದು ಅರಳಿ ನಿಂತಾಗ ಬದನೆಕಾಯಿ ಬಣ್ಣ. ಪೊಟ್ಟಣದವರಿಗೆ ಸುಳ್ಳು ಹೇಳಿ ಅಭ್ಯಾಸ, ನಮಗೆ ನಂಬಿ ಅಭ್ಯಾಸ.

ಅದಕ್ಕೇ ಈ ಊರಿನವರು ಲೋಟದ ಪರೀಕ್ಷೆ ಇಟ್ಟುಕೊಂಡಿದ್ದರು. ಮೊದಲ ತೀರ್ಪುಗಾರ ಚಹಾ ಕುಡಿಯುತ್ತಿದ್ದ ನೀಲಿ ಎನಾಮಲ್ ಲೋಟ ಅದು, ಅಂಚಿನಲ್ಲಿ ಎರಡು ಕಡೆ ಚಕ್ಕೆ ಎದ್ದಿತ್ತು. ಬೆಳಿಗ್ಗೆ ಹತ್ತು ಗಂಟೆಗೆ ಸಭಾಂಗಣದ ಬಾಗಿಲಾಚೆ ಬಿಸಿಲಿನಲ್ಲಿ ಒಂದೊಂದೇ ಹೂವನ್ನು ಲೋಟದೊಳಗೆ ನಿಲ್ಲಿಸಿ ನೋಡಬೇಕು. ಲೋಟದ ಪಕ್ಕ ನೇರಳೆ ಕಂಡರೆ ಹೂವು ಮೇಜಿನಿಂದ ಇಳಿಯಬೇಕು. ನಲವತ್ತು ವರ್ಷದಿಂದ ಇದೇ ಪದ್ಧತಿ. ಹನ್ನೊಂದು ವರ್ಷದಿಂದ ಗೆಲ್ಲುತ್ತಿದ್ದದ್ದು ಹೂವಿನ ಸಂಘದ ಅಧ್ಯಕ್ಷೆ ಮುರಿಯೆಲ್ ಹೆಡ್ಲಿ, ಗಾಜಿನ ಮನೆಯಲ್ಲಿ ಸಾಕಿದ ಡೆಲ್ಫಿನಿಯಂ ಎಂಬ ಉದ್ದನೆಯ ನೀಲಿ ಹೂಗೊಂಚಲು ಹಿಡಿದು.

ಆ ವರ್ಷ ಥೆಲ್ಮಾ ಪಾಸ್ಕೋ ಒಂದು ಗಾಜಿನ ಲೋಟದಲ್ಲಿ ನೀಲಿ ಹೂ ಬಿಟ್ಟ ಗೇಣುದ್ದದ ಒಂದು ಕಡ್ಡಿ ತಂದಿಟ್ಟಳು. ಥೆಲ್ಮಾಗೆ ಎಪ್ಪತ್ತೊಂದು. ಮರದ ಮಿಲ್ಲಿನ ಅಡುಗೆಮನೆಯಲ್ಲಿ ಮೂವತ್ತು ವರ್ಷ ಗಂಡಸರ ಹೊಟ್ಟೆ ತುಂಬಿಸಿದವಳು, ಯಾರ ಮಾತಿಗೂ ಸೊಪ್ಪು ಹಾಕದವಳು. ಅವಳು ತಂದದ್ದು ಲೆಶನಾಲ್ಟಿಯಾ, ನಮ್ಮ ಗುಡ್ಡದ ಮರಳಿನಲ್ಲಿ ತಾನಾಗಿ ಹುಟ್ಟುವ ಕಾಡು ಗಿಡ. ಅದನ್ನು ಕಂಡಾಗ ಕಾರು ನಿಲ್ಲಿಸಿ ಇಳಿಯದವರಿಲ್ಲ, ತೋಟದಲ್ಲಿ ಉಳಿಸಿಕೊಂಡವರೂ ಇಲ್ಲ. ಎರಡು ತಿಂಗಳು ಮುದ್ದಿನಿಂದ ನೋಡಿಕೊಂಡರೆ ಮೂರನೆಯ ತಿಂಗಳು ಸತ್ತಿರುತ್ತದೆ. ಕಾಡಿನಿಂದ ಕಿತ್ತು ತರುವುದಂತೂ ಅಪರಾಧ.

ಮಿಸೆಸ್ ಹೆಡ್ಲಿ ಕನ್ನಡಕ ಏರಿಸಿ ಬಗ್ಗಿ ನೋಡಿದರು. ಮುಖ ಎತ್ತಿದಾಗ ಸಭಾಂಗಣವೇ ಕಿವಿಗೊಟ್ಟಿತ್ತು.

"ಥೆಲ್ಮಾ, ಇದನ್ನ ಎಲ್ಲಿಂದ ಕಿತ್ತೆ?"

"ನಮ್ಮನೆ ಹಿತ್ತಲಿಂದ."

"ಇದು ಹಿತ್ತಲಲ್ಲಿ ಬೆಳೆಯೋದಿಲ್ಲ. ನಾನೇ ಮೂರು ಸಲ ಪ್ರಯತ್ನ ಮಾಡಿದೀನಿ."

"ನಿಮ್ಮ ಕೈಲಿ ಬೆಳೀಲಿಲ್ಲ ಅನ್ನಿ. ಪಾಪ, ಅದಕ್ಕೆ ಹಿತ್ತಲೇನು ಮಾಡುತ್ತೆ?"

ಹಿಂದೆ ಯಾರೋ ಕಿಸಕ್ಕೆಂದರು. ಅಲ್ಲಿಗೆ ಕೆಲಸ ಕೆಟ್ಟಿತು. ಮಿಸೆಸ್ ಹೆಡ್ಲಿಯ ಕತ್ತು ಕೆಂಪಾಯಿತು. "ಕಾಡಿಂದ ಕದ್ದ ಹೂವು ಲೋಟದ ಹತ್ರಾನೂ ಬರೋ ಹಾಗಿಲ್ಲ" ಎಂದು ಮೂಲೆಮೂಲೆಗೂ ಕೇಳುವಂತೆ ಹೇಳಿ, ಗಾಜಿನ ಲೋಟವನ್ನು ಎತ್ತಿ ನೆಲದ ಮೇಲಿಟ್ಟರು. ತೀರ್ಪುಗಾರ ಕ್ಲೆಮ್ ಬಾಟರಿಲ್ ಒಳ್ಳೆಯವನೇ, ಆದರೆ ಅಧ್ಯಕ್ಷೆಯ ಎದುರು ಅವನ ಬಾಯಿಗೆ ಬೀಗ. ನೀಲಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಬೂಟು ನೋಡುತ್ತಾ ನಿಂತ.

ಕದ್ದದ್ದು ಎಂಬ ಮಾತು ಥೆಲ್ಮಾಳ ಎದೆಗೆ ನಾಟಿತು. ಅಡುಗೆಮನೆಯಲ್ಲಿ ಚಕ್ಕಳದಂಥ ಮಾಂಸ ಬೇಯಿಸಿದೆ ಅಂದವರಿದ್ದರು, ಬಾಯಿ ಜೋರು ಅಂದವರಿದ್ದರು, ಕಳ್ಳಿ ಅಂದವರು ಒಬ್ಬರೂ ಇರಲಿಲ್ಲ. ಅವಳ ಹಿತ್ತಲಿನಲ್ಲಿ ಕಸ ಸುಟ್ಟ ಜಾಗದಲ್ಲಿ ಏಳು ವರ್ಷದ ಕೆಳಗೆ ಆ ಗಿಡ ಒಂದೇ ಒಂದು ಎದ್ದಿತ್ತು. ಅದು ಸಾಯುವ ಮೊದಲು ಅದರಿಂದ ಕಡ್ಡಿ ಮುರಿದು ನೆಟ್ಟಿದ್ದಳು. ಮೊದಲನೆಯದಕ್ಕೆ ಕೋಳಿ ಗೊಬ್ಬರ ಹಾಕಿ ವಾರದಲ್ಲೇ ಕೊಂದಳು. ಎರಡನೆಯದಕ್ಕೆ ದಿನಾ ನೀರು ಹಾಕಿ ಕೊಳೆಸಿದಳು. ನಮ್ಮ ಕಾಡಿನ ಗಿಡಗಳು ಉಪವಾಸವಿದ್ದು ಬೆಳೆದವು, ಊಟ ಹಾಕಿದರೆ ಸಾಯುತ್ತವೆ. ಇದು ತಲೆಗೆ ಹೋಗುವಷ್ಟರಲ್ಲಿ ಎಂಟು ಗಿಡ ಮಣ್ಣಾಗಿದ್ದವು. ಒಂಬತ್ತನೆಯದನ್ನು ಹಳೆಯ ಚರಂಡಿ ಕೊಳವೆ ನೆಟ್ಟಗೆ ನಿಲ್ಲಿಸಿ, ಬರೀ ಮರಳು ತುಂಬಿ, ಹೊಟ್ಟೆಗೆ ಏನೂ ಹಾಕದೆ ಬೆಳೆಸಿದ್ದಳು.

ಅವಳು ನೇರ ಮನೆಗೆ ಹೋದಳು. ಅರ್ಧ ಗಂಟೆಯಲ್ಲಿ ಊರಿನ ಒಂದೇ ರಸ್ತೆಯ ನಡುಮಧ್ಯೆ, ಹಿಂದೆ ಬರುವ ಲಾರಿಗೂ ದಾರಿ ಬಿಡದೆ, ತಳ್ಳುಗಾಡಿಯಲ್ಲಿ ಆ ಕೊಳವೆಯನ್ನೇ ಹೇರಿಕೊಂಡು ಬಂದಳು. ಕೊಳವೆಯ ಬಾಯಿಂದ ಗಿಡ ನಾಲ್ಕೂ ಕಡೆ ಚೆಲ್ಲಿ ಬಿದ್ದಿತ್ತು. ಬಾಗಿಲಲ್ಲಿ ನಿಂತವರು ಪಕ್ಕಕ್ಕೆ ಸರಿದರು.

"ಇಲ್ಲಿದೆ ನೋಡಿ. ಕಾಡಲ್ಲಿ ಕೊಳವೆ ಹುಟ್ಟೋದನ್ನ ಯಾರಾದ್ರೂ ಕಂಡಿದ್ರೆ ಹೇಳಿ."

"ನಿನ್ನೆ ಕಿತ್ತು ತಂದು ಕೊಳವೆಗೆ ತುರುಕಿರಬಹುದಲ್ಲ?" ಎಂದರು ಮಿಸೆಸ್ ಹೆಡ್ಲಿ. "ಹೊರಗೆ ತೆಗಿ. ಕಾಡಿನ ಬೇರೋ, ಕಡ್ಡಿ ಊರಿದ ಬೇರೋ, ನೋಡಿದ ತಕ್ಷಣ ಗೊತ್ತಾಗುತ್ತೆ."

"ಬೇರು ಅಲುಗಾಡಿದ್ರೆ ಇದು ಸಾಯುತ್ತೆ. ನಿಮಗೂ ಗೊತ್ತು ಅದು."

"ಸಾಚಾ ಇದ್ದೋರು ಹೆದರಲ್ಲ."

ಕ್ಲೆಮ್ ಮೆಲ್ಲಗೆ, "ತೋರಿಸಿಬಿಡು ಥೆಲ್ಮಾ, ಮಾತು ಮುಗಿದುಹೋಗ್ಲಿ" ಅಂದ.

"ನೀನು ಸುಮ್ನಿರೋ. ಇಷ್ಟೊತ್ತು ಸುಮ್ನಿದ್ದೆಯಲ್ಲ, ಚೆನ್ನಾಗಿತ್ತು."

ಥೆಲ್ಮಾ ಗುಲಾಬಿ ಮೇಜಿನ ಮೇಲಿದ್ದ ಕತ್ತರಿ ಎತ್ತಿಕೊಂಡಳು. ಬೇರು ಅವರ ಕಣ್ಣಿಗೆ ಬೀಳಬಾರದು, ಅದೊಂದೇ ಅವಳ ಹಟ. ಕೊಂದೇ ತೀರಬೇಕಾದರೆ ನನ್ನ ಲೆಕ್ಕಕ್ಕೆ ಕೊಲ್ಲುತ್ತೇನೆ, ಅವರ ಲೆಕ್ಕಕ್ಕಲ್ಲ. ಹೂವಿರುವ ಕಡ್ಡಿ, ಇಲ್ಲದ ಕಡ್ಡಿ ಎಂದು ನೋಡದೆ ಗಿಡವನ್ನು ಬುಡದ ತನಕ ಕತ್ತರಿಸಿದಳು. ಒದ್ದೆ ಮಾಡಿದ ಹಳೆಯ ಸುದ್ದಿಪತ್ರಿಕೆಯ ಮೇಲೆ ಬೆರಳುದ್ದದ ಇಪ್ಪತ್ತಾರು ತುಂಡು ಸಾಲಾದವು. ಒಬ್ಬೊಬ್ಬರ ಕೈಗೂ ಒಂದೊಂದು ತುರುಕುತ್ತಾ ಸಭಾಂಗಣ ಸುತ್ತಿದಳು.

"ಮರಳಲ್ಲಿ ಊರಿ. ಗೊಬ್ಬರ ಹಾಕ್ಬೇಡಿ, ಮುದ್ದು ಮಾಡ್ಬೇಡಿ. ಬರೋ ವರ್ಷ ಇದೇ ದಿನ ಇಲ್ಲಿಗೆ ತನ್ನಿ. ಒಂದೇ ಒಂದು ಹೂ ಬಿಟ್ರೂ, ಇದು ಕೈಯಲ್ಲಿ ಬೆಳೆಯೋ ಗಿಡ. ಒಂದೂ ಬಿಡ್ಲಿಲ್ವಾ, ಆಗ ನನ್ನ ಕಳ್ಳಿ ಅನ್ನಿ. ನಾನು ಇದೇ ಬಾಗಿಲಲ್ಲಿ ನಿಂತು ಹೌದು ಅಂತೀನಿ."

ಕೊನೆಯ ತುಂಡನ್ನು ಮಿಸೆಸ್ ಹೆಡ್ಲಿಯ ಮುಂದೆ ಹಿಡಿದಳು. ಅವರು ತೆಗೆದುಕೊಳ್ಳಲಿಲ್ಲ. ಥೆಲ್ಮಾ ಅದನ್ನು ಅವರ ಕೋಟಿನ ಜೇಬಿಗೆ ಇಳಿಸಿ ತಳ್ಳುಗಾಡಿ ತಿರುಗಿಸಿದಳು.

ಮನೆ ಹತ್ತಿರವಾಗುತ್ತಿದ್ದಂತೆ ಅವಳು ಲೆಕ್ಕ ಹಾಕಿದಳು. ತಾನು ನೆಟ್ಟ ಒಂಬತ್ತು ಕಡ್ಡಿಯಲ್ಲಿ ಬದುಕಿದ್ದು ಒಂದು. ಈಗ ತನ್ನ ಹೆಸರನ್ನು ಇಪ್ಪತ್ತಾರು ಕೆಟ್ಟ ತೋಟಗಾರರ ಕೈಗೆ ಕೊಟ್ಟು ಬಂದಿದ್ದಳು.

ಸಂಘದ ಪಟ್ಟಿಯಿಂದ ಅವಳ ಹೆಸರು ತೆಗೆದರು. ಬೇಕರಿಯಲ್ಲಿ ಅವಳು ಒಳಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು, ಅವಳು ಬೇಕೆಂದೇ ಇನ್ನೂ ಹತ್ತು ನಿಮಿಷ ನಿಂತು ಬನ್ನು ಆರಿಸುತ್ತಿದ್ದಳು. ಕೊಳವೆಯ ಮೋಟು ಬುಡ ಕ್ರಿಸ್‌ಮಸ್ಸಿನ ಸೆಕೆಗೆ, ನಮ್ಮಲ್ಲಿ ಅದು ನಡುಬೇಸಿಗೆ, ಒಣಗಿ ಹೋಯಿತು. ಅವಳ ಬಳಿ ಈಗ ಒಂದು ಎಲೆಯೂ ಉಳಿದಿರಲಿಲ್ಲ. ಅಂದು ಮಾತ್ರ ಅವಳು ಅತ್ತಳು, ಆಮೇಲೆ ಮುಖ ತೊಳೆದು ಕೊಳವೆಯನ್ನು ತಿಕ್ಕಿಟ್ಟಳು.

ಬೇಲಿಯ ಹತ್ತಿರ ಒಬ್ಬೊಬ್ಬರೇ ಬಂದು ಸುದ್ದಿ ಹೇಳುತ್ತಿದ್ದರು, ಸಾವಿನ ಸುದ್ದಿಗಳೇ. ಒಬ್ಬರದನ್ನು ಬೆಕ್ಕು ಕೆದರಿತ್ತು. ಫೆಬ್ರವರಿಯಲ್ಲಿ ಕ್ಲೆಮ್ ಟೋಪಿ ಕೈಯಲ್ಲಿ ಹಿಡಿದು ಬಂದ.

"ಒಂಚೂರು ಗೊಬ್ಬರ ಹಾಕಿದ್ದೆ ಅಷ್ಟೇ, ಥೆಲ್ಮಾ."

"ಹಾಕ್ಬೇಡ ಅಂತ ಕೂಗಿ ಹೇಳಿದ್ನಲ್ಲೋ."

"ಸಣ್ಣಗಿತ್ತು. ನೋಡಿ ಮನಸ್ಸು ತಡೀಲಿಲ್ಲ."

"ಹೋದ ವರ್ಷ ನನ್ನ ನೋಡಿದಾಗ ಎಲ್ಲಿತ್ತಯ್ಯಾ ಆ ಮನಸ್ಸು?"

ಕ್ಲೆಮ್ ಟೋಪಿ ತಲೆಗೇರಿಸಿ ಮನೆ ಕಡೆ ಹೊರಟ. ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ಇಪ್ಪತ್ಮೂರು ಸಾವು ಎಣಿಸಿದ್ದಳು. ಉಳಿದ ಮೂವರು ಬಾಯಿ ಬಿಟ್ಟಿರಲಿಲ್ಲ, ಅವರಲ್ಲಿ ಒಬ್ಬರು ಮಿಸೆಸ್ ಹೆಡ್ಲಿ.

ಅಕ್ಟೋಬರಿನ ಆ ಶನಿವಾರ ಥೆಲ್ಮಾ ಬರಿಗೈಯಲ್ಲಿ, ಒಳ್ಳೆಯ ಟೋಪಿ ಹಾಕಿಕೊಂಡು ಹತ್ತಕ್ಕೆ ಐದು ನಿಮಿಷವಿರುವಾಗ ಬಾಗಿಲಲ್ಲಿ ನಿಂತಳು. ಕಳ್ಳಿ ಅನ್ನಿಸಿಕೊಳ್ಳಲೇಬೇಕಾದರೆ ತಲೆ ಎತ್ತಿಕೊಂಡೇ ಅನ್ನಿಸಿಕೊಳ್ಳುವುದೆಂದು ನಿರ್ಧರಿಸಿಯೇ ಬಂದಿದ್ದಳು. ಕಿಟಕಿಯ ಪಕ್ಕದ ಮೇಜಿನ ಮೇಲೆ ಡೆಲ್ಫಿನಿಯಂ ಇತ್ತು, ನಾಲ್ಕು ನೀಲಿ ಐರಿಸ್ ಇದ್ದವು. ಬೇರೇನೂ ಇರಲಿಲ್ಲ.

ಹತ್ತು ಹೊಡೆಯುವಾಗ ಮಿಲ್ಲಿನಲ್ಲಿ ಗರಗಸ ಮಸೆಯುವ ವಾಲಿ ಡಂಕಿನ್ ಏದುಸಿರು ಬಿಡುತ್ತಾ ಬಂದ. ಅವನ ಕೈಯಲ್ಲಿ ಜಾಮಿನ ಬಾಟಲಿ, ಅದರಲ್ಲಿ ಒಂದು ಕಡ್ಡಿ, ಕಡ್ಡಿಯ ತುಂಬ ಹೂವು.

"ತಡ ಆಯ್ತು. ನೀರೂ ಹಾಕಿಲ್ಲ, ಗೊಬ್ಬರಾನೂ ಹಾಕಿಲ್ಲ" ಎಂದ. "ನಿಜ ಹೇಳ್ಬೇಕಂದ್ರೆ ಶೆಡ್ ಹಿಂದೆ ಇಟ್ಟು ಮರ್ತೇ ಹೋಗಿದ್ದೆ."

ಅವನ ಬೆನ್ನಿಗೇ ಬೇಕರಿಯ ಇಲ್ಸಾ ತನ್ನದನ್ನು ತಂದು ಪಕ್ಕಕ್ಕಿಟ್ಟಳು. ಅವಳದರಲ್ಲಿ ಮೂರೇ ಹೂವು.

ಮಿಸೆಸ್ ಹೆಡ್ಲಿ ಮೇಜಿನ ಆಚೆಯಿಂದ ಥೆಲ್ಮಾಳ ಬಳಿ ನಡೆದು ಬಂದರು. ತಗ್ಗಿದ ದನಿಯಲ್ಲಿ, "ನಂದು ಜೂನಲ್ಲಿ ಸತ್ತೋಯ್ತು. ಅಂದಿದ್ದ ಮಾತು ವಾಪಸ್ ತಗೋತೀನಿ" ಎಂದರು.

"ಹೋದ ವರ್ಷ ಮೂಲೆಮೂಲೆಗೂ ಕೇಳೋ ಹಾಗೆ ಅಂದಿದ್ರಿ, ಮಿಸೆಸ್ ಹೆಡ್ಲಿ. ಗಂಟಲು ಕೆಟ್ಟಿದ್ರೆ ಕಾಯ್ತೀನಿ, ನನಗೇನೂ ಅವಸರ ಇಲ್ಲ."

ಅವರು ಜನರ ಕಡೆ ತಿರುಗಿ, ಹಿಂದಿನ ಸಾಲಿಗೂ ಕೇಳುವಂತೆ, "ಥೆಲ್ಮಾ ಕದ್ದಿರಲಿಲ್ಲ. ಅವಳು ಬೆಳೆಸಿದ್ಲು, ನನ್ನ ಕೈಲಿ ಆಗ್ಲಿಲ್ಲ" ಎಂದರು. ಆ ಮಾತು ಅವರಿಗೆ ಸುಲಭವಾಗಿರಲಿಲ್ಲ, ಅದನ್ನು ಥೆಲ್ಮಾಳೂ ಕಂಡಳು.

"ಈಗ ಲೋಟ ತಾರೋ ಕ್ಲೆಮ್" ಎಂದಳು.

ಎಲ್ಲರೂ ಬಾಗಿಲಾಚೆ ನೆರೆದರು. ಕ್ಲೆಮ್ ವಾಲಿಯ ಕಡ್ಡಿಯನ್ನು ನೀಲಿ ಲೋಟದೊಳಗೆ ನಿಲ್ಲಿಸಿ ಬಿಸಿಲಿಗೆ ಎತ್ತಿದ. ನೋಡಿದ. ಕಣ್ಣುಜ್ಜಿಕೊಂಡು ಮತ್ತೆ ನೋಡಿದ.

"ಏನಯ್ಯಾ, ನೇರಳೆ ಕಾಣ್ತಿದೆಯಾ?" ಎಂದಳು ಥೆಲ್ಮಾ.

"ಕಾಣ್ತಿದೆ" ಎಂದ ಕ್ಲೆಮ್. ಥೆಲ್ಮಾ ಲೋಟದತ್ತ ಬಗ್ಗಿದಳು. "ಆದ್ರೆ ಹೂವಲ್ಲ, ಥೆಲ್ಮಾ. ಲೋಟ."

ಜನ ಮುಗಿಬಿದ್ದು ನೋಡಿದರು. ನಲವತ್ತು ವರ್ಷ ಊರಿನ ಹೂವುಗಳನ್ನೆಲ್ಲ ತೂಗಿದ ಲೋಟ ಆ ಹೂವಿನ ಪಕ್ಕ ಬದನೆಕಾಯಿಯಂತೆ ಕಾಣುತ್ತಿತ್ತು. ಎಷ್ಟು ತಿರುಗಿಸಿದರೂ ಅದೇ ಬಣ್ಣ.

ಥೆಲ್ಮಾ ಕಡ್ಡಿಯನ್ನು ಲೋಟದಿಂದ ತೆಗೆದು ವಾಲಿಯ ಜಾಮಿನ ಬಾಟಲಿಗೆ ಹಾಕಿ, ಒಳಗೆ ಹೋಗಿ ನೀಲಿ ಮೇಜಿನ ನಡುವೆ ಇಟ್ಟಳು. ಕ್ಲೆಮ್ ಅಭ್ಯಾಸದಂತೆ ಲೋಟವನ್ನೂ ಅದರ ಜಾಗದಲ್ಲಿ ಇಡಲು ಬಂದ. ಅವಳು ಕೈ ಅಡ್ಡ ಹಿಡಿದಳು.

"ನೇರಳೆ ಕಂಡದ್ದು ಈ ಮೇಜಿನ ಮೇಲೆ ಇರೋ ಹಾಗಿಲ್ಲ. ನೀವೇ ಮಾಡ್ಕೊಂಡಿರೋ ಪದ್ಧತಿ" ಎಂದಳು. "ಹೋಗು, ಅದರಲ್ಲಿ ಚಹಾ ಮಾಡ್ಕೊಂಡು ಬಾ. ನನಗೆ ಎರಡು ಚಮಚ ಸಕ್ಕರೆ."