ಗೌಡರ ಹೆಸರು ಹೊತ್ತ ಪೊಲೀಸ್ ಬ್ಯಾರಿಕೇಡು

“ಪೊಲೀಸ್ ಅನ್ನೂದು ಕೆಳಗ ಸಣ್ಣದಾಗಿ ಇರಲಿ. ಮ್ಯಾಲ ನಮ್ಮ ಹೆಸರು ದೊಡ್ಡದಾಗಿ ಬರೀಪಾ,” ಎಂದರು ಫರ್ನಿಚರ್ ಅಂಗಡಿಯ ಕೊಟ್ರಗೌಡರು.

“ಅಲ್ರೀ ಗೌಡ್ರ, ಇದು ಹೋಗೂದು ಠಾಣೆಗಲ್ರಿ?” ಪೇಂಟರ್ ಕುಂಚ ಎತ್ತಿ ಹಿಡಿದು ಕೇಳಿದ.

“ಹೋಗೂದು ಠಾಣೆಗೇ. ರೊಕ್ಕ ಯಾರದು?”

ನಾನು ಆಗಿನ್ನೂ ಅರ್ಧ ಒಣಗಿದ ಬ್ಯಾರಿಕೇಡು. ಹುಬ್ಬಳ್ಳಿಯ ವೆಲ್ಡಿಂಗ್ ಶೆಡ್ಡೊಂದರಲ್ಲಿ ಕಬ್ಬಿಣದ ಪೈಪು, ಹಳದಿ ತಗಡು, ನಾಲ್ಕು ಪುಟ್ಟ ಗಾಲಿ ಸೇರಿ ಹುಟ್ಟಿದವನು. ಹುಟ್ಟಿದ ದಿನವೇ ನನ್ನ ತಲೆಗೆ ಹುಳ ಬಿಟ್ಟರು ನೋಡಿ: ನಾನು ಯಾರವನು? ಠಾಣೆಯ ಹಿತ್ತಲಿನಲ್ಲಿ ತುಕ್ಕು ಹಿಡಿಯುತ್ತ ನಿಂತಿರುವ ಈ ಮುಪ್ಪಿನಲ್ಲೂ ಅದು ಪೂರ್ತಿ ಬಗೆಹರಿದಿಲ್ಲ.

ಠಾಣೆಯವರು ನನ್ನನ್ನು ಅಳಿಯ ಬಂದಂತೆ ಬರಮಾಡಿಕೊಂಡರು. ಬ್ಯಾರಿಕೇಡು ಬೇಕೆಂದು ಇಲಾಖೆಗೆ ಬರೆದು ಬರೆದು ಅವರಿಗೆ ಸಾಕಾಗಿತ್ತಂತೆ. ಅನುದಾನವಿಲ್ಲ ಎಂಬ ಉತ್ತರ ಮಾತ್ರ ತಪ್ಪದೆ ಬರುತ್ತಿತ್ತಂತೆ. ಅಲ್ಲಿದ್ದ ಜೀಪಿನ ಹೊಸ ಟೈರುಗಳೂ ಗೌಡರ ಕೊಡುಗೆಯೇ ಎಂದು ಕೇಳಿ, ಓಹೋ, ನಾವೆಲ್ಲ ಒಂದೇ ಮನೆಯವರು ಎಂದುಕೊಂಡೆ. ಹಾಗೆಂದುಕೊಳ್ಳುವುದು ಸರಿಯೋ ತಪ್ಪೋ, ಅದೂ ತಿಳಿಯಲಿಲ್ಲ.

ನನ್ನನ್ನು ವಹಿಸಿಕೊಂಡವರು ದಫೇದಾರ ಮೈಲಾರಪ್ಪ. ಮೊದಲೆಲ್ಲ ಅವರು ಸಂಜೆಯ ಬೀಟಿಗೆ ಕುಂಬಾರ ಓಣಿಗೆ ನಡೆದೇ ಹೋಗುತ್ತಿದ್ದರಂತೆ. ಕಟ್ಟೆಯ ಮೇಲೆ ಕುಳಿತು ಯಾರ ಮನೆಯಲ್ಲಿ ಜಗಳ, ಯಾರ ಮಗ ಶಾಲೆ ಬಿಟ್ಟ, ಎಲ್ಲ ಕೇಳುತ್ತಿದ್ದರಂತೆ. ಆಮೇಲೆ ನಿವೃತ್ತರಾದವರ ಜಾಗಕ್ಕೆ ಹೊಸಬರು ಬರಲಿಲ್ಲ. ಇನ್ನೆರಡು ಬಡಾವಣೆಗಳೂ ಅವರ ಹೆಗಲಿಗೇ ಬಿದ್ದವು. ಬೈಕಿಗೆ ಕೊಡುವ ಪೆಟ್ರೋಲು ಸಾಲದು. ಹಾಗಾಗಿ ನನ್ನನ್ನು ಓಣಿಯ ಬಾಯಿಗೆ ತಂದು ನಿಲ್ಲಿಸಿ, “ನೀ ನೋಡ್ಕೋತ ಇರಪಾ ತಮ್ಮಾ,” ಎಂದು ತಗಡು ತಟ್ಟಿ ಹೋದರು.

ನೋಡಿಕೊಳ್ಳುವುದು ಅಂದರೆ ಏನು ಮಾಡುವುದು? ಯಾರೂ ಹೇಳಿಕೊಡಲಿಲ್ಲ. ಓಣಿಯವರು ನನ್ನ ಮೇಲೆ ಕೌದಿ ಒಣಹಾಕಿದರು, ಕಾಲಿಗೆ ಆಡು ಕಟ್ಟಿದರು. ಒಬ್ಬ ಅಜ್ಜ ನನ್ನನ್ನು ಓದಿ, “ಸೋಫಾದಂಗಡಿ ಇಲ್ಲಿಗೆ ಬಂತೇನು?” ಎಂದು ಕೇಳಿದ. ಎದುರಿಗೆ ಮಿರ್ಚಿ ಗಾಡಿ ಇಟ್ಟಿದ್ದ ಫಕೀರವ್ವ ಎಣ್ಣೆಯಿಂದ ಮಿರ್ಚಿ ಎತ್ತುತ್ತ, “ಇಲ್ಲೋ ಯಜ್ಜಾ, ಇವ ನಮ್ಮ ಹೊಸಾ ದಫೇದಾರ! ಮಿರ್ಚಿ ತಿನ್ನಂಗಿಲ್ಲ, ಮಾತೂ ಆಡಂಗಿಲ್ಲ,” ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆನೇನೋ, ಗಾಳಿಗೆ ತಗಡು ಗಡಗಡ ಎಂದಿತ್ತು.

ಒಂದು ಸಂಜೆ ಗೌಡರ ಅಂಗಡಿಯ ಹಸಿರು ಟೆಂಪೊ ಕಪಾಟು ಹೇರಿಕೊಂಡು ಹಿಂದಹಿಂದಕ್ಕೆ ಬಂತು. ಮೊದಲು ನನಗೆ ಬಡಿಯಿತು. ಒಂದು ಕಾಲು ಸೊಟ್ಟಗಾಯಿತು, ಗಾಲಿ ಮುರಿಯಿತು. ಆಮೇಲೆ ಫಕೀರವ್ವನ ಗಾಡಿಯನ್ನು ಗೋಡೆಗೆ ಒತ್ತಿ ಪುಡಿ ಮಾಡಿತು. ಕಾದ ಎಣ್ಣೆ ರಸ್ತೆಗೆ ಚೆಲ್ಲಿತು. ಆಕೆ ಪಕ್ಕಕ್ಕೆ ಹಾರಿದ್ದೇ ಪುಣ್ಯ.

“ಪೊಲೀಸ್ರಿಗೆ ಹೇಳ್ತೇನಿ!” ಎಂದು ಆಕೆ ಕೂಗಿದರೆ, ಡ್ರೈವರ್ ನನ್ನತ್ತ ಬೆರಳು ಮಾಡಿ, “ಹೇಳಹೋಗು. ಪೊಲೀಸೂ ನಮ್ದ ಐತಿ, ಓದಿ ನೋಡು,” ಎಂದವನೇ ಟೆಂಪೊ ಓಡಿಸಿಕೊಂಡು ಹೋದ.

ಓಣಿಯವರೆಲ್ಲ ನನ್ನನ್ನೇ ನೋಡಿದರು. ನನ್ನ ಮೇಲಿದ್ದ ಕೌದಿಯನ್ನು ಯಾರೋ ಸರಕ್ಕನೆ ಎಳೆದುಕೊಂಡರು.

ಮರುದಿನ ಮೈಲಾರಪ್ಪ ಕುಂಟುತ್ತಿದ್ದ ನನ್ನನ್ನು ಠಾಣೆಯ ಗೇಟಿಗೆ ತಂದು ನಿಲ್ಲಿಸಿದ್ದರಷ್ಟೆ, ಫಕೀರವ್ವ ಬಂದಳು. ನನ್ನನ್ನು ಕಂಡು ಅಲ್ಲೇ ನಿಂತಳು.

“ಬಾರಬೇ ಫಕೀರವ್ವಾ, ಒಳಗ ಬಾ. ದೂರು ಬರಿಯೂಣು.”

“ಯಾರ ಮನಿ ಒಳಗ ಬರ್ಲಿ, ದಫೇದಾರ್ರ? ಬಾಗಲಕ್ಕ ಅವರ ಹೆಸರ ಐತಿ.”

“ಅದು ಬರೇ ಜಾಹೀರಾತಬೇ.”

“ನೀವು ದಿನಾ ಓಣಿಗೆ ಬರ್ತಿದ್ದಾಗ ಬಾಗಲಕ್ಕ ಯಾರ ಹೆಸರಿದ್ರೂ ಬರ್ತಿದ್ನಿ. ಈಗ ನಿಮ್ಮ ಬದ್ಲಿ ಇದನ್ನ ನಿಲ್ಲಿಸೀರಿ. ಇದರ ಕಣ್ಮುಂದನ ಎಲ್ಲಾ ಆತು. ಇದು ಸಾಕ್ಷಿ ಹೇಳತೈತೇನು?”

ಹೇಳಬೇಕೆಂದು ನನಗೆ ಆಸೆಯೇ ಇತ್ತು. ಆದರೆ ಹುಟ್ಟಿಸಿದವರ ವಿರುದ್ಧ ಹೇಳಬಹುದೇ? ನಿಲ್ಲಿಸಿದವರು ಹೇಳಬೇಡ ಎಂದರೆ? ತಗಡಿನ ತಲೆಗೆ ಇಷ್ಟೆಲ್ಲ ಹೊಳೆಯುವುದಿಲ್ಲ.

ಮೈಲಾರಪ್ಪ ಹೊಸ ಟೈರಿನ ಜೀಪಿನತ್ತ ಒಮ್ಮೆ ನೋಡಿದರು. ಆಮೇಲೆ ಬಗ್ಗಿ ನನ್ನ ಸೊಟ್ಟ ಕಾಲನ್ನು ಸವರಿದರು. ಹಳದಿಯ ಮೇಲೆ ಟೆಂಪೊದ ಹಸಿರು ಬಣ್ಣ ಉದ್ದಕ್ಕೆ ಕೆರೆದುಕೊಂಡು ಅಂಟಿತ್ತು.

“ಹೇಳತೈತಿ,” ಎಂದರು. “ಇದನ್ನ ಜಪ್ತಿ ಮಾಡ್ತೇನಿ. ಕೇಸ್ ಮುಗಿಯೂತನಾ ಹಿತ್ತಲದಾಗ ಇರಲಿ. ಆ ಟೆಂಪೊನೂ ತರಸ್ತೇನಿ.”

“ಗೌಡ್ರು ಸಿಟ್ಟಾದ್ರ?”

“ಮುಂದಿನ ಸಲ ಜೀಪಿನ ಟೈರು ಸವದ್ರ, ಜೀಪ್ ನಿಂದರತೈತಿ.”

“ಮತ್ತ ಓಣ್ಯಾಗ ಇದರ ಬದ್ಲಿ ಯಾರು ನಿಂದರ್ತಾರ?”

“ನಾನ ಬರ್ತೇನಿ. ದಿನಾ ಆಗಂಗಿಲ್ಲಬೇ, ಸುಳ್ಳ ಯಾಕ ಹೇಳ್ಲಿ. ಆದಾಗ ನಡ್ಕೊಂಡ ಬರ್ತೇನಿ.”

ಮೈಲಾರಪ್ಪ ನನ್ನನ್ನು ಎಳೆಯತೊಡಗಿದರು. ಮುರಿದ ಗಾಲಿ ನೆಲ ಕಚ್ಚಿ ನಿಂತಿತು. ಫಕೀರವ್ವ ಕೈಚೀಲವನ್ನು ಗೋಡೆಗೆ ಒರಗಿಸಿ, ಸೆರಗು ಸಿಕ್ಕಿಸಿಕೊಂಡು ಬಂದು ನನ್ನ ಸೊಟ್ಟ ಕಾಲನ್ನು ಎತ್ತಿ ಹಿಡಿದಳು. ಇಬ್ಬರೂ ಸೇರಿ ನನ್ನನ್ನು ಗೇಟಿನ ಒಳಕ್ಕೆ ಹೊತ್ತುಕೊಂಡು ಹೋದರು.