ಹುಟ್ಟುವ ಮೊದಲೇ ಮುಗಿದ ಹನ್ನೆರಡು ಶಾಫ್ಟು

ಆ ಕಾರ್ಖಾನೆಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ. ಮೂವತ್ತೊಂದು ವರ್ಷದಿಂದ ಬೆಳಿಗ್ಗೆ ಎಂಟಕ್ಕೆ ಬಂದು, ಕಿವಿಗೆ ಪೆನ್ಸಿಲ್ ಸಿಕ್ಕಿಸಿ, ಜಾಬ್ ಕಾರ್ಡುಗಳ ಕಟ್ಟು ಹಿಡಿದು, ಒಂದೊಂದು ಮಿಷನ್ನಿನ ಮುಂದೆಯೂ ನಿಂತು "ಎಲ್ಲಿಗೆ ಬಂತು?" ಎಂದು ಕೇಳುವುದೇ ಅವನ ಕೆಲಸ. ಯಾವ ಕೆಲಸ ಯಾರ ಕೈಯಲ್ಲಿದೆ, ಎಷ್ಟು ಆಗಿದೆ, ಎಷ್ಟು ಬಾಕಿ, ಎಲ್ಲ ಅವನ ತಲೆಯಲ್ಲಿ. ಹಾಗಾಗಿ ಅವನಿಗೆ 'ಎಲ್ಲಿಗೆಬಂತು ಮಾವ' ಎಂದೇ ಹೆಸರಾಯಿತು. ಕಾಲ ಸವೆದಂತೆ ಹೆಸರೂ ಸವೆದು ಬರೀ 'ಮಾವ' ಉಳಿಯಿತು.

ಕೇಳುವುದಕ್ಕೇನು, ಬಾಯಿದ್ದವರೆಲ್ಲ ಕೇಳಬಹುದು. ಬಂದ ಉತ್ತರವನ್ನು ತೂಗಿ ನೋಡುವುದರಲ್ಲಿತ್ತು ಮಾವನ ವಿದ್ಯೆ. ಅಂಗಿಯ ಜೇಬಿನಲ್ಲಿ ಅಂಗೈಯಗಲದ ಒಂದು ಪುಸ್ತಕ ಇಟ್ಟುಕೊಂಡಿದ್ದ. ಅದರಲ್ಲಿ ಯಾರ ಮಾತಿಗೆ ಎಷ್ಟು ಬೆಲೆ ಎಂದು ಪೆನ್ಸಿಲಿನಲ್ಲಿ ಬರೆದಿತ್ತು. ಉಕ್ಕು ಕಡೆಯುವ ಲೇತ್ ನಡೆಸುವವನು ಮಾವನ ಹೆಂಡತಿಯ ತಮ್ಮ, ಬಲು ಉತ್ಸಾಹಿ. ಅವನು "ಮುಗೀತು ಭಾವ" ಎಂದರೆ ಇನ್ನೂ ಒಂದು ಟ್ರೇ ಬಾಕಿ ಎಂದರ್ಥ. ಡ್ರಿಲ್ಲಿಂಗಿನವನಿಗೆ ಮಾತೇ ಕಡಿಮೆ, ಎಲ್ಲರೂ ಮೌನಿ ಎನ್ನುತ್ತಿದ್ದರು. ಅವನ ಒಂದು "ಹೂಂ" ಅಂದರೆ ಅರ್ಧ ಆಗಿದೆ, ಎರಡು "ಹೂಂ ಹೂಂ" ಅಂದರೆ ಮುಗಿದಿದೆ. ಇನ್ನು ಗ್ರೈಂಡಿಂಗಿನ ಅಕ್ಕ. "ಅಯ್ಯೋ, ಇನ್ನೂ ಎಲ್ಲಿ ಮಾವ, ಸಾಯ್ತಾ ಇದ್ದೀನಿ" ಎಂದು ಆಕೆ ಗೋಳಾಡಿದರೆ ಮಾಲು ಮುಗಿದು, ಒರೆಸಿ, ಎಣ್ಣೆ ಹಚ್ಚಿ ಇಟ್ಟಾಗಿದೆ ಎಂದೇ ತಿಳಿಯಬೇಕು.

ಯಜಮಾನರ ಮಗಳು, ಎಲ್ಲರೂ ಕರೆಯುವಂತೆ ಸಣ್ಣಮ್ಮ, ಓದು ಮುಗಿಸಿ ಬಂದು ಕಾರ್ಖಾನೆ ವಹಿಸಿಕೊಂಡಳು. ಮಗುವಾಗಿದ್ದಾಗ ಖಾಲಿ ಟ್ರೇಯಲ್ಲಿ ಕೂತು, ಮಾವನಿಂದ ಎಳೆಸಿಕೊಂಡು ಮಿಷನ್ನುಗಳ ಮಧ್ಯೆ ಮೆರವಣಿಗೆ ಹೋದವಳು. ಬಂದ ಆರು ತಿಂಗಳಿಗೆ ಗೋಡೆಗೊಂದು ದೊಡ್ಡ ಪರದೆ ಹಾಕಿಸಿದಳು. ಪ್ರತಿ ಮಿಷನ್ನಿನ ಪಕ್ಕ ಒಂದು ಗುಂಡಿ, ಒಂದು ದೀಪ. ಒಂದು ಟ್ರೇ, ಅಂದರೆ ಹನ್ನೆರಡು ಶಾಫ್ಟು, ಮುಗಿದಾಗ ಗುಂಡಿ ಒತ್ತಬೇಕು. ಒತ್ತಿದವನ ದೀಪ ಹಸಿರು. ಮುಂದಿನವನ ದೀಪ ಮಿಣುಕಲು ಶುರು, ಅವನೂ ಒತ್ತುವವರೆಗೆ ಬಿಡದೆ ಮಿಣುಕುತ್ತದೆ.

"ಮಾವ, ನಿಮ್ಮ ಮಂಡಿಗೆ ಇನ್ನು ಬಿಡುವು," ಎಂದಳು ಸಣ್ಣಮ್ಮ. "ನೀರಿನ ಪಂಪಿನ ಅರವತ್ತು ಶಾಫ್ಟು ಇದೆಯಲ್ಲ, ಶುಕ್ರವಾರ ನಾಲ್ಕು ಗಂಟೆಗೆ ಲಾರಿ ಹತ್ತಬೇಕು. ಪರದೆ ನೋಡಿಕೊಂಡೇ ಕಳಿಸ್ತೀನಿ. ಸರಿಹೋದರೆ ಸೋಮವಾರದಿಂದ ನೀವು ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ರಾಜನ ಹಾಗೆ ಕೂತಿರಿ."

"ರಾಜ ಗೇಟಿನಲ್ಲಿ ಕೂರೋದನ್ನ ನಾನೆಲ್ಲೂ ಕೇಳಿಲ್ಲಮ್ಮ," ಎಂದ ಮಾವ. ನಕ್ಕ.

ಅವಳದು ಪ್ರೀತಿಯ ಮಾತೇ. ಆದರೂ ಮಾವನಿಗೆ ಆ ನಡಿಗೆಯೇ ಜಪವಾಗಿತ್ತು. ಲೇತಿನಿಂದ ಡ್ರಿಲ್ಲಿಂಗಿಗೆ ಇಪ್ಪತ್ತೆರಡು ಹೆಜ್ಜೆ, ಅಲ್ಲಿಂದ ಗ್ರೈಂಡಿಂಗಿಗೆ ಮೂವತ್ತು. ಒಂದೊಂದು ಹೆಜ್ಜೆಗೂ ದೇವರ ಹೆಸರು. ಮಣಿ ಜಾರಿಸುವ ಬದಲು ಮನುಷ್ಯರ ಮುಂದೆ ನಿಂತು ಹೋಗುವುದು. ಕುರ್ಚಿಯಲ್ಲಿ ಕೂತರೆ ಆ ಜಪ ಎಲ್ಲಿ ಮಾಡಲಿ?

ಬುಧವಾರ ಸಂಜೆ ಆ ತಪ್ಪು ನಡೆಯಿತು. ತಪ್ಪು ಪರದೆಯದಲ್ಲ, ಮಾವನದು.

ಹೋಗುವ ಮುಂಚೆ ಸುಮ್ಮನೆ ಲೇತಿನ ಕಡೆ ನೋಡಿದ. ಭಾವಮೈದುನನ ದೀಪ ಹಚ್ಚಹಸಿರು. ಪರದೆಯಲ್ಲಿ ಐದು ಟ್ರೇ, ಅರವತ್ತು ಶಾಫ್ಟು, ಎಲ್ಲ ಮುಗಿದಿದೆ. ಆದರೆ ಲೇತಿನ ಕಾಲ ಬಳಿ ಐದನೆಯ ಟ್ರೇ ಇತ್ತು, ಅದರಲ್ಲಿ ಹನ್ನೆರಡು ಉಕ್ಕಿನ ಸರಳು ಮೈಮೇಲಿನ ತುಕ್ಕೂ ಹೋಗದೆ ಮಲಗಿದ್ದವು. ಮಾವನಿಗೆ ಒಂದು ಕ್ಷಣ ಸಾಕಾಯಿತು. ಬಾಯಿಯ 'ಮುಗೀತು' ಹೇಗೋ ಬೆರಳಿನ 'ಮುಗೀತೂ' ಹಾಗೆಯೇ. ಒಂದು ಟ್ರೇ ಬಾಕಿ. "ಏನೋ, ಎಲ್ಲಿಗೆ ಬಂತು?" ಎಂದು ಕೇಳಿದ್ದರೆ ಮುಗಿದುಹೋಗುತ್ತಿತ್ತು. ನಾಲಿಗೆಯ ತುದಿಗೆ ಬಂದ ಮಾತನ್ನು ಮಾವ ನುಂಗಿಕೊಂಡ. 'ಎಲ್ಲ ಬಲ್ಲ ಪರದೆ ಇದೆಯಲ್ಲ, ಅದೇ ಕೇಳಿಕೊಳ್ಳಲಿ' ಎಂದುಕೊಂಡು ಕೊಡೆ ಹಿಡಿದು ಹೊರಟ.

ಆ ಸಂಜೆ ದೇವರ ಮುಂದೆ ಕೈ ಮುಗಿದಾಗ ಪ್ರಾರ್ಥನೆ ಯಾಕೋ ಚಿಕ್ಕದಾಯಿತು. ಹೆಚ್ಚು ಹೊತ್ತು ನಿಂತರೆ ದೇವರೇ "ಎಲ್ಲಿಗೆ ಬಂತು?" ಎಂದು ಕೇಳಿಬಿಟ್ಟರೆ ಎಂಬ ಅಳುಕು.

ಗುರುವಾರವೂ ಬಾಯಿ ಬಿಡಲಿಲ್ಲ. ಕೇಳಬೇಡಿ ಎಂದವರೇನೂ ಇರಲಿಲ್ಲ. ಮಾವನೇ ಸ್ಟೋರಿನಲ್ಲಿ ಹಳೆಯ ಕಾರ್ಡು ಜೋಡಿಸುವ ನೆಪದಲ್ಲಿ ಕೂತ.

ಶುಕ್ರವಾರ ಬೆಳಿಗ್ಗೆ ಪರದೆಯ ತುಂಬ ಹಸಿರು. ಸಣ್ಣಮ್ಮ ಹಿಗ್ಗಿ, ನೀರು ಸರಬರಾಜಿನ ಎಂಜಿನಿಯರಿಗೆ ಫೋನು ಮಾಡಿ "ಅರವತ್ತೂ ರೆಡಿ ಸಾರ್" ಎಂದಳು. ಎಲ್ಲರಿಗೂ ಕೇಳಲಿ ಎಂದು ಫೋನಿನ ಸದ್ದು ಜೋರು ಮಾಡಿದ್ದಳು.

"ದೇವರು ದೊಡ್ಡವನು ತಾಯಿ," ಎಂದಿತು ಆ ಕಡೆಯ ದಣಿದ ದನಿ. "ಪಂಪು ಬಿಚ್ಚಿಟ್ಟು ಮೂರು ದಿನ ಆಯ್ತು. ಊರಿನ ಹೆಂಗಸರು ಬಕೆಟ್ಟು ಹಿಡಿದು ನನ್ನ ಆಫೀಸಿನ ಮುಂದೆಯೇ ಕೂತಿದ್ದಾರೆ. ಇವತ್ತು ಬರದಿದ್ದರೆ ಆ ಬಕೆಟ್ಟು ನನ್ನ ತಲೆ ಮೇಲೇ."

ಫೋನು ಇಡುವಷ್ಟರಲ್ಲಿ ಮಾಲು ಅಳೆದು ನೋಡುವ ಚೆಕಿಂಗಿನ ಕನ್ನಡಕದಣ್ಣ ಬಂದು ನಿಂತ. "ಅಮ್ಮಾ, ನನ್ನ ಮೇಜಿನ ಮೇಲೆ ನಲವತ್ತೆಂಟೇ ಇವೆ."

"ಅರವತ್ತು ಅಂತಿದೆಯಲ್ಲ!"

"ಪರದೆ ಮೇಲೆ ಅರವತ್ತು. ಮೇಜಿನ ಮೇಲೆ ನಲವತ್ತೆಂಟು. ಲಾರಿಗೆ ಯಾವುದನ್ನ ಹತ್ತಿಸೋಣ?"

ಹುಡುಕಾಟ ಶುರುವಾಯಿತು. ಮೇಜಿನ ಕೆಳಗೆ ಬಗ್ಗಿದರು, ಎಣ್ಣೆ ಡ್ರಮ್ಮಿನ ಹಿಂದೆ ಇಣುಕಿದರು. ಗ್ರೈಂಡಿಂಗಿನ ಅಕ್ಕ ತನ್ನ ಊಟದ ಡಬ್ಬಿಯನ್ನೂ ತೆಗೆದು ನೋಡಿದಳು. ಕೊನೆಗೆ ಎಲ್ಲರ ಕಣ್ಣೂ ಮಾವನ ಕಡೆ ತಿರುಗಿದವು.

ಈ ಗಳಿಗೆಗೇ ಎರಡು ದಿನ ಕಾದಿದ್ದ. ಈಗ ಎದೆಯುಬ್ಬಿಸಿ ನಿಲ್ಲಬೇಕಿತ್ತು. ಆದರೆ ಕಣ್ಣ ಮುಂದೆ ಬಂದದ್ದು ಪರದೆಯ ಸೋಲಲ್ಲ, ಖಾಲಿ ಬಕೆಟ್ಟುಗಳ ಸಾಲು. ಮಾವನಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು.

"ಹುಡುಕಬೇಡಿ ಸಣ್ಣಮ್ಮಾ. ಅವು ಇನ್ನೂ ಹುಟ್ಟೇ ಇಲ್ಲ. ಲೇತಿನ ಕೆಳಗೆ ಸರಳಾಗೇ ಇವೆ. ಬುಧವಾರವೇ ನೋಡಿದೆ. ಹೇಳಲಿಲ್ಲ."

ಭಾವಮೈದುನ ಬಗ್ಗಿ ಲೇತಿನ ಕೆಳಗಿನ ಟ್ರೇ ಎಳೆದು ನೋಡಿದ.

"ಭಾವ!" ಎಂದ ಭಾವಮೈದುನ. "ಬೆಳಿಗ್ಗೆ ಮಾಡಿಬಿಡೋಣ ಅಂತ ಮುಂಚೇನೇ ಒತ್ತಿದೆ. ಗುರುವಾರ ಬೇರೆ ಕೆಲಸ ಬಂತು, ಮರೆತೇಹೋಯ್ತು. ನೀವು ಬಂದು ಕೇಳಲೇ ಇಲ್ವಲ್ಲ! ನೀವು ಕೇಳಿದ ಮೇಲಲ್ವಾ ನನಗೆ ಯಾವಾಗಲೂ ನೆನಪಾಗೋದು?"

"ಅವನೇನೋ ಒತ್ತಿದ. ನಿನಗೆ ಮಾಲೇ ಬರದೆ ಹೇಗೆ ಒತ್ತಿದೆಯಪ್ಪ?" ಎಂದು ಸಣ್ಣಮ್ಮ ಮೌನಿಯನ್ನು ಕೇಳಿದಳು.

ಮೌನಿ ಆವತ್ತು ತಿಂಗಳ ಮಾತನ್ನೆಲ್ಲ ಒಟ್ಟಿಗೇ ಆಡಿದ. "ದೀಪ ಮಿಣುಕ್ತಿತ್ತು. ಕಣ್ಣು ಚುಚ್ಚೋದು. ಹೇಗೂ ಬರುತ್ತಲ್ಲ ಅಂತ ಒತ್ತಿದೆ."

"ಆಮೇಲೆ ನನ್ನದು ಮಿಣುಕೋಕೆ ಶುರುವಾಯ್ತು," ಎಂದಳು ಗ್ರೈಂಡಿಂಗಿನ ಅಕ್ಕ. "ಬಾಯಲ್ಲಿ ಏನಾದರೂ ಗೋಳಾಡಬಹುದು. ಎಲ್ಲರೆದುರು ಆ ಹಾಳು ದೀಪ ಗೋಳಾಡ್ತಾ ಇದ್ದರೆ ನನ್ನ ಮಾನ ಏನಾಗಬೇಕು? ನಾನೂ ಒತ್ತಿದೆ."

ಹೀಗೆ ಹನ್ನೆರಡು ಶಾಫ್ಟುಗಳು ಇನ್ನೂ ಇಲ್ಲದಿರುವಾಗಲೇ ಕಡೆಸಿಕೊಂಡು, ತೂತು ಹೊಡೆಸಿಕೊಂಡು, ನುಣುಪಾಗಿ ಮಿಂಚುತ್ತ ಕಾರ್ಖಾನೆಯನ್ನೆಲ್ಲ ಸುತ್ತಿ ಬಂದಿದ್ದವು.

ಸಣ್ಣಮ್ಮ ಗಡಿಯಾರ ನೋಡಿದಳು. ಒಂಬತ್ತೂವರೆ. "ಲೇತಿನಲ್ಲೇ ಐದು ಗಂಟೆ ಬೇಕು. ಆಮೇಲೆ ಡ್ರಿಲ್ಲಿಂಗು, ಗ್ರೈಂಡಿಂಗು... ನಾಲ್ಕಕ್ಕೆ ಆಗಲ್ಲ ಮಾವ."

"ಟ್ರೇ ತುಂಬಲಿ ಅಂತ ಕಾದರೆ ಆಗಲ್ಲ," ಎಂದ ಮಾವ. "ಒಂದೊಂದಾಗಿ ಕೊಡಲಿ. ಹೊರೋದು ನನ್ನ ಪಾಲು."

"ಮಂಡಿ?"

"ಎರಡು ದಿನ ಸುಮ್ಮನೆ ಕೂರಿಸಿದ್ದೀನಲ್ಲ, ಅದಕ್ಕೂ ನಾಚಿಕೆ ಬಂದಿರಬೇಕು."

ಮೊದಲ ಶಾಫ್ಟು ಹತ್ತೂಕಾಲಿಗೆ ಲೇತಿನಿಂದ ಇಳಿಯಿತು. ಬಿಸಿ ಆರದ ಉಕ್ಕನ್ನು ಬಟ್ಟೆಯಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡಂತೆ ಮಾವ ನಡೆದ. ಇಪ್ಪತ್ತೆರಡು ಹೆಜ್ಜೆ ಮೌನಿಯವರೆಗೆ, ಮೂವತ್ತು ಹೆಜ್ಜೆ ಅಕ್ಕನವರೆಗೆ, ಹದಿನೆಂಟು ಕನ್ನಡಕದಣ್ಣನವರೆಗೆ. ಮರಳಿ ಬರುವಷ್ಟರಲ್ಲಿ ಇನ್ನೊಂದು ಕಾಯುತ್ತಿತ್ತು. ಆವತ್ತಿನ ಜಪದಲ್ಲಿ ಪ್ರತಿ ಹೆಜ್ಜೆಗೂ ಒಂದು 'ತಪ್ಪಾಯಿತು' ಸೇರಿಕೊಂಡಿತು. ಮಧ್ಯಾಹ್ನ ಭಾವಮೈದುನ ಊಟಕ್ಕೂ ಏಳಲಿಲ್ಲ. ಅವನ ಬಾಯಿಗೆ ಮಾವನೇ ತುತ್ತಿಟ್ಟ.

"ಮನೇಲಿ ಅಕ್ಕನಿಗೆ ಹೇಳಬೇಡಿ ಭಾವ. ಅವಳೂ ನನಗೆ ಇಷ್ಟು ಅಕ್ಕರೆಯಿಂದ ತಿನ್ನಿಸಿಲ್ಲ."

"ಬಾಯಿ ಮುಚ್ಚಿಕೊಂಡು ಅಗಿ. ಎಷ್ಟಾಯ್ತು?"

"ಆರು."

ಮಾವ ಅಭ್ಯಾಸದಂತೆ ಒಂದು ಕಳೆಯಲು ಹೋದ. ಎಣಿಸಿ ನೋಡಿದರೆ ಸರಿಯಾಗಿ ಆರೇ ಇದ್ದವು.

ಹನ್ನೆರಡನೆಯದು ಕನ್ನಡಕದಣ್ಣನ ಕೈ ದಾಟಿದಾಗ ಮೂರು ಐವತ್ತು. ಲಾರಿ ಹೊರಟಾಗ ನಾಲ್ಕು ಹತ್ತು. ಮಾವ ತಲೆಕೆಳಗಾದ ಟ್ರೇಯ ಮೇಲೆ ಕುಸಿದು ಕೂತ. ಸಣ್ಣಮ್ಮ ಪಕ್ಕದಲ್ಲೇ ನೆಲದ ಮೇಲೆ ಕೂತಳು.

"ನೀವು ಹೇಳದೆ ಇದ್ದದ್ದು ನನಗೆ ನೋವಾಯ್ತು ಮಾವ."

"ಆಗಬೇಕಾದ್ದೇ ತಾಯಿ. ಗೇಟಿನ ಕುರ್ಚಿ ಕೊಡಿ, ಕೂರ್ತೀನಿ."

ಅವಳು ಅವನ ಅಂಗಿಯ ಜೇಬಿನ ಕಡೆ ಕೈ ಚಾಚಿದಳು. ಏನು ಬೇಕೆಂದು ಮಾವನಿಗೆ ತಿಳಿಯಿತು. ಜೇಬಿನ ಪುಸ್ತಕ ತೆಗೆದು ಕೊಟ್ಟ. ಓದುತ್ತ ಓದುತ್ತ ಅವಳ ತುಟಿ ಬಿಚ್ಚಿತು. ಅಕ್ಕನ ಗೋಳಿನ ಹಾಳೆ ಬಂದಾಗ ಜೋರಾಗಿಯೇ ನಕ್ಕಳು.

"ಇದರಲ್ಲಿ ನಿಮ್ಮ ಮಾತಿನ ಬೆಲೆ ಬರೆದೇ ಇಲ್ವಲ್ಲ?"

"ನಾನು ಕೇಳೋನಮ್ಮ, ಹೇಳೋನಲ್ಲ."

ಅಷ್ಟರಲ್ಲಿ ಮಾವನ ಫೋನು ಬಡಿದುಕೊಂಡಿತು, ಹೆಂಡತಿ. "ಹೊರಟೆ ಕಣೇ, ಗೇಟಿನ ಹತ್ತಿರ ಇದ್ದೀನಿ," ಎಂದ ಮಾವ, ಟ್ರೇಯ ಮೇಲಿಂದ ಕದಲದೆ.

ಭಾವಮೈದುನ ಪಕ್ಕದಿಂದ ಕೂಗಿದ: "ಅಕ್ಕಾ, ಭಾವ 'ಹೊರಟೆ' ಅಂದರೆ ಎಷ್ಟು ಹೊತ್ತು?"

"ಐವತ್ತು ನಿಮಿಷ," ಎಂದಿತು ಫೋನು, ಒಂದು ಕ್ಷಣವೂ ತಡೆಯದೆ. "ಗೇಟು ಅಂದರೆ ಇನ್ನೂ ಹತ್ತು ಸೇರಿಸಿಕೋ."

ಸಣ್ಣಮ್ಮ ಮಾವನ ಕಿವಿಯಿಂದ ಪೆನ್ಸಿಲ್ ಎಳೆದು, ಖಾಲಿ ಹಾಳೆಯಲ್ಲಿ ಅದನ್ನು ಬರೆದಳು.

ಸೋಮವಾರ ಪರದೆ ಅಲ್ಲೇ ಇತ್ತು, ಗುಂಡಿಗಳೂ ಇದ್ದವು. ಆದರೆ ಹೊಸ ನಿಯಮ ಬಂದಿತ್ತು: ಮಾವ ಟ್ರೇ ಮುಟ್ಟಿ ನೋಡಿದ ಮೇಲೆಯೇ ಗುಂಡಿ ಒತ್ತಬೇಕು. ಗೇಟಿನ ಕುರ್ಚಿ ಡ್ರಿಲ್ಲಿಂಗಿಗೂ ಗ್ರೈಂಡಿಂಗಿಗೂ ನಡುವೆ ಬಂದು ನಿಂತಿತ್ತು, ಮಂಡಿ ಕೇಳಿದಾಗ ಕೂರಲಿಕ್ಕೆ.

ಎಂಟು ಗಂಟೆಗೆ ಮಾವ ಲೇತಿನ ಮುಂದೆ ನಿಂತ. "ಎಲ್ಲಿಗೆ ಬಂತು?"

"ಮುಗೀತು ಭಾ..." ಎಂದು ಗುಂಡಿಯ ಕಡೆ ಬೆರಳು ಚಾಚಿದ ಭಾವಮೈದುನ ಕೈ ಹಿಂದಕ್ಕೆಳೆದುಕೊಂಡ. ತಲೆ ಕೆರೆದುಕೊಂಡ. "ಇಲ್ಲ. ಇನ್ನೂ ಒಂದು ಟ್ರೇ ಇದೆ."

ಮಾವ ಪುಸ್ತಕ ತೆಗೆದ. ಭಾವಮೈದುನನ ಹಾಳೆ ಬಿಚ್ಚಿ, ಹಳೆಯ ಬರಹ ಅಳಿಸಲು ರಬ್ಬರು ಹಿಡಿದ. ಆಮೇಲೆ, ಅವಸರವೇನು, ಒಂದು ವಾರ ನೋಡೋಣ ಎಂದುಕೊಂಡು ರಬ್ಬರನ್ನು ಮತ್ತೆ ಜೇಬಿಗೆ ಹಾಕಿ, ಮೌನಿಯ ಕಡೆಗೆ ಮೊದಲ ಹೆಜ್ಜೆ ಇಟ್ಟ.