ತೀರಿಕೊಂಡವನ ಎದುರು ಕೂತು

ಬೀದಿಗೆಲ್ಲ ಟೈಲರಕ್ಕ ಎಂದೇ ಹೆಸರಾದ ಆಕೆ ಆ ಕಟ್ಟಡದ ಮುಂದೆ ಎರಡು ಸಲ ಹೋದಳು, ಎರಡು ಸಲ ಬಂದಳು. ಮೂರನೆಯ ಸಲ ಆಚೀಚೆ ನೋಡಿ ಸರಕ್ಕನೆ ಒಳಗೆ ನುಗ್ಗಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಜಾತಿ. ಇಲ್ಲಿ ಇನ್ನೂ ಯಾರೂ ಏನೂ ಅಂದಿರಲಿಲ್ಲ.

ಮನಸ್ಸಿನ ಕಾಯಿಲೆಯವರಿಗಾಗಿ ಊರಿನ ನಾಲ್ಕು ಜನ ಸೇರಿ ನಡೆಸುವ ಮನೆ ಅದು. ಆಕೆಯ ತಮ್ಮ ಗುಂಡ ಅಲ್ಲಿಗೆ ಸೇರಿ ನಾಲ್ಕು ವರ್ಷ. ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುತ್ತಾನೆ, ರಟ್ಟಿನ ಪೆಟ್ಟಿಗೆ ಮಾಡುತ್ತಾನೆ, ಪ್ರತಿ ಭಾನುವಾರ ತಾನೇ ಬಸ್ಸು ಹತ್ತಿ ಅಕ್ಕನ ಮನೆಗೆ ಊಟಕ್ಕೆ ಬರುತ್ತಾನೆ. ಅಕ್ಕ ಮಾತ್ರ ಇಲ್ಲಿ ಒಂದು ದಿನವೂ ಕಾಲಿಟ್ಟವಳಲ್ಲ. ಕೇಳಿದರೆ, ಹೊಲಿಗೆ ಕೆಲಸ, ಪುರುಸೊತ್ತೆಲ್ಲಿ ಎನ್ನುವಳು. ಪುರುಸೊತ್ತಂತೆ! ಎದುರುಮನೆಯ ಜಗಳ ನೋಡಲು ಮಿಷನ್ ನಿಲ್ಲಿಸಿ ಅರ್ಧ ದಿನ ಬಾಗಿಲಲ್ಲಿ ನಿಲ್ಲುವವಳು.

ಈಗ ಬರಬೇಕಾಗಿ ಬಂದದ್ದು ನಾಲಿಗೆಯ ದೆಸೆಯಿಂದ. ಹೋದ ತಿಂಗಳು ಮಗಳನ್ನು ಕೇಳಿಕೊಂಡು ಬಂದಿದ್ದ ಹುಡುಗನ ತಾಯಿ ಗೋಡೆಯ ಫೋಟೊ ನೋಡಿ, "ಇವರ್ಯಾರು?" ಎಂದಿದ್ದರು. "ನನ್ನ ತಮ್ಮ" ಎಂದಳು ಅಕ್ಕ. ಅಷ್ಟಕ್ಕೇ ಬಾಯಿ ಮುಚ್ಚಬಹುದಿತ್ತು. ಈಗೇನು ಮಾಡ್ತಿದ್ದಾರೆ ಎಂದು ಕೇಳಿಬಿಟ್ಟರೆ ಎಂಬ ಹೆದರಿಕೆಗೆ, "ತೀರ್ಕೊಂಡ" ಎಂದುಬಿಟ್ಟಳು. ಆ ತಾಯಿ, ಪಾಪ, ಕಣ್ಣೊರೆಸಿಕೊಂಡರು. ಬರುವ ಭಾನುವಾರ ಹುಡುಗನ ಮನೆಯವರೆಲ್ಲ ಊಟಕ್ಕೆ ಬರುತ್ತಾರೆ. ಹೊತ್ತಿಗೆ ಸರಿಯಾಗಿ ಗುಂಡನೂ ಬಂದು ಕೂತರೆ ಮದುವೆ ಮುರಿದ ಹಾಗೇ.

"ಮೇಡಂ, ಈ ಭಾನುವಾರ ಅವನನ್ನ ಕಳಿಸ್ಬೇಡಿ. ಏನಾದ್ರೂ ನೆಪ ಹೇಳಿ," ಎಂದು ಆಕೆ ಉಸ್ತುವಾರಿ ಮೇಡಂ ಎದುರು ಕೂತು ಪಿಸುಗುಟ್ಟಿದಳು. "ನಾನು ಬಂದಿದ್ದೆ ಅಂತ ಮಾತ್ರ ಹೇಳ್ಬೇಡಿ."

ಮೇಡಂ ಕನ್ನಡಕ ತೆಗೆದರು. "ಇಲ್ಲೊಂದು ಪದ್ಧತಿ ಇದೆ ಅಕ್ಕ. ಯಾರ ವಿಷಯ ಮಾತಾಡ್ತೀವೋ ಅವರೂ ಜೊತೇಲಿ ಕೂತಿರ್ಬೇಕು. ಆಡಿದ ಮಾತನ್ನ ಅವರೇ ತಮ್ಮ ಪುಸ್ತಕದಲ್ಲಿ ಬರ್ಕೋತಾರೆ. ಬೆನ್ನ ಹಿಂದಿನ ಮಾತು ಇಲ್ಲಿ ಇಲ್ಲ."

"ಅಯ್ಯೋ, ಹಾಗಾದ್ರೆ ಬೇಡ ಬಿಡಿ," ಎಂದು ಅಕ್ಕ ಎದ್ದಳು. ಎದ್ದರೇನು, ಕಿಟಕಿಯಿಂದ ಆಕೆಯನ್ನು ಕಂಡ ಗುಂಡ ಆಗಲೇ ಬಾಗಿಲಿಗೆ ಬಂದಿದ್ದ, ಬೆರಳಿಗೆಲ್ಲ ಅಂಟು ಮೆತ್ತಿಕೊಂಡು.

"ಅಕ್ಕಾ! ನೀನಾ? ಅಂತೂ ದಾರಿ ಸಿಕ್ತಲ್ಲ ನಿಂಗೆ!"

ಅವನ ಮುಖದ ಸಂತೋಷ ನೋಡಲಾಗಲಿಲ್ಲ ಆಕೆಗೆ. ಒಂದು ಸುಳ್ಳು ಹುಡುಕಿದಳು. ಬೇಡದಾಗ ಬಾಯಿಗೆ ಬರುವ ಸುಳ್ಳು ಬೇಕಾದಾಗ ಹತ್ತಿರ ಸುಳಿಯಲಿಲ್ಲ. ನೆಲ ನೋಡುತ್ತ ಹೇಳಿದಳು, ಫೋಟೊದಿಂದ ಹಿಡಿದು ಭಾನುವಾರದ ಊಟದವರೆಗೆ, ಎಲ್ಲವನ್ನೂ.

ಗುಂಡ ಕೈ ಒರೆಸಿಕೊಂಡು ಪುಸ್ತಕ ತೆರೆದ. ತಾರೀಖು ಹಾಕಿ, ಬಾಯಿಬಿಟ್ಟು ಓದುತ್ತ ಬರೆದ: "ಅಕ್ಕ ಬಂದಿದ್ದಳು. ನಾನು ತೀರಿಕೊಂಡೆ ಎಂದು ಬೀಗರಿಗೆ ಹೇಳಿದ್ದಾಳೆ." ಪೆನ್ನು ನಿಂತಿತು. "ಏನಾಗಿ?"

"ಏನು ಏನಾಗಿ?"

"ಏನಾಗಿ ಸತ್ತೆ ಅಂತ ಹೇಳಿದ್ದೀಯ?"

"ಎದೆನೋವು."

"ಸದ್ಯ! ಮರ್ಯಾದೆ ಸಾವೇ ಕೊಟ್ಟಿದ್ದೀಯ ಬಿಡು," ಎಂದು ಗುಂಡ ನಕ್ಕ. ಮೇಡಂ ನಗಲಿಲ್ಲ. ಗುಂಡನೇ ಮತ್ತೆ ಕೇಳಿದ, "ಯಾವಾಗ?"

"ನಾಲ್ಕು ವರ್ಷ ಆಯ್ತು ಅಂದೆ."

ಗುಂಡನ ನಗು ಅಲ್ಲಿಗೆ ಇಳಿಯಿತು. "ಓ. ಇಲ್ಲಿಗೆ ಬಂದಾಗ್ಲೇ," ಎಂದ. ಅದನ್ನೂ ಬರೆದ. "ಬರಲ್ಲ ಬಿಡಕ್ಕ. ನಾನು ಎತ್ತಿ ಆಡಿಸಿದ ಮಗು ಅದು, ಅದರ ಮದುವೆ ಚೆನ್ನಾಗಾಗ್ಲಿ. ಈ ವಾರ ಬಿಟ್ಟು ಮುಂದಿನ ಭಾನುವಾರ ಬರ್ಬಹುದಾ?"

ಸತ್ತವನು ಯಾವ ಭಾನುವಾರ ಬಂದರೂ ಸತ್ತವನೇ ಅಲ್ಲವೇ? ಮಗಳ ಮದುವೆಯಲ್ಲಿ, ಬಾಣಂತನದಲ್ಲಿ, ಇನ್ನು ಯಾವುದರಲ್ಲಿ ಇವನನ್ನು ಬದುಕಿಸುವುದು? ಇಷ್ಟು ದೂರ ಆಕೆ ಯೋಚಿಸಿಯೇ ಇರಲಿಲ್ಲ. ಗುಂಡ ಕಾದ. ಕಾದು ಕಾದು, ಪುಸ್ತಕದಲ್ಲಿ ಏನೋ ಒಂದು ಸಾಲು ಬರೆದು ಮುಚ್ಚಿದ. ಈ ಸಲ ಬಾಯಿಬಿಟ್ಟು ಓದಲಿಲ್ಲ.

ಗೇಟಿನವರೆಗೆ ಅವನೇ ಕಳಿಸಲು ಬಂದ. ಅಂಗಳದಲ್ಲಿ ಪಾತ್ರೆ ಒಣಗಿಸುತ್ತಿದ್ದ ಅಡುಗೆಯಮ್ಮ ತಲೆಯೆತ್ತಿ, "ಯಾರಪ್ಪ ಗುಂಡಣ್ಣ ಇವ್ರು? ಮೂಗು ನಿಂದೇ ಅಚ್ಚು!" ಎಂದರು.

ಗೇಟಿನಾಚೆ ಬೀದಿಯ ತುಂಬ ಜನ. ಗುಂಡ ಅಕ್ಕನ ಮುಖ ನೋಡಿದ. ಅಕ್ಕನಿಗೆ ಬಾಯಿ ತೆರೆಯಲು ಬೇಕಾದಷ್ಟು ಹೊತ್ತು ಸಿಕ್ಕಿತು. ತೆರೆಯಲಿಲ್ಲ.

"ಯಾರೋ ಏನೋ ಅಮ್ಮ," ಎಂದ ಗುಂಡ. "ವಿಳಾಸ ಕೇಳ್ಕೊಂಡು ಬಂದಿದ್ರು." ಆಮೇಲೆ ಬಹಳ ಮರ್ಯಾದೆಯಿಂದ ಆಕೆಯ ಕಡೆ ತಿರುಗಿ, "ಹೀಗೇ ಹೋಗಿ, ಎಡಕ್ಕೆ ಬಸ್ ಸ್ಟಾಪು ಸಿಗುತ್ತೆ," ಎಂದು ಕೈ ತೋರಿಸಿದ.

ಅಬ್ಬಾ, ಬದುಕಿದೆ ಎಂದುಕೊಂಡಳು ಅಕ್ಕ. ಅಂದುಕೊಂಡದ್ದು ತನಗೇ ಕೇಳಿಸಿತು. ನಾಚಿಕೆಯಾಯಿತು. ಆದರೂ ಆಕೆ, ದಾರಿ ಗೊತ್ತಿಲ್ಲದವಳ ಹಾಗೆ, ಅವನು ತೋರಿಸಿದ ಕಡೆಗೇ ನಡೆದಳು.